ಗುಳಿಗೆಗೆ ಮೊದಲು ಒಂದು ಚಮಚ ಜೇನು

ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನಲ್ಲಿ ತುರ್ವಿಹಾಳದ ಕಡೆ ಭತ್ತದ ನಾಟಿಗೆ ಹೋಗುವ ನಮ್ಮ ಗುಂಪಿನಲ್ಲಿ ನನ್ನ ತಂಗಿಯೂ ಇದ್ದಳು. ದಿನವಿಡೀ ಕೆಸರಿನಲ್ಲಿ ಬಗ್ಗಿದರೆ ನಡ ಸೆಟೆದುಕೊಳ್ಳುತ್ತದೆ. ಅದಕ್ಕೇ ನಾವೆಲ್ಲ ಅಂಗಡಿಯಿಂದ ನೋವಿನ ಗುಳಿಗೆ ತಂದು, ಬರಿಹೊಟ್ಟೆಯಲ್ಲಿ ಚಹಾದ ಜೊತೆ ನುಂಗಿ ಗದ್ದೆಗೆ ಇಳಿಯುತ್ತಿದ್ದೆವು. ತಂಗಿಗೆ ಹೊಟ್ಟೆ ಉರಿಯತೊಡಗಿತು.

ಮಸ್ಕಿ ಸಂತೆಯಲ್ಲಿ ಜೇನು ಮಾರುವ ಮುದುಕ, ಗುಳಿಗೆಗೆ ಮೊದಲು ಒಂದು ಚಮಚ ಜೇನು ನೆಕ್ಕಿದರೆ ಹೊಟ್ಟೆ ಹುಣ್ಣಾಗುವುದಿಲ್ಲ ಎಂದ. ತಂಗಿ ನೆಕ್ಕಿದಳು. ಉರಿ ನಿಜವಾಗಿಯೂ ಕಡಿಮೆಯಾಯಿತು. ಅದೇ ಕೆಟ್ಟದ್ದಾಯಿತು. ಉರಿ ಇಲ್ಲವಲ್ಲ ಎಂದು ಮಧ್ಯಾಹ್ನವೂ ಗುಳಿಗೆ ನುಂಗತೊಡಗಿದಳು.

"ಸಾಕು ಬಿಡಬೇ, ಕಡ್ಲಿ ತಿಂದಂಗ ತಿನ್ನಾಕತ್ತೀ," ಎಂದೆ.

"ಜೇನು ಐತಲ್ಲ ಅಕ್ಕಾ. ಬೇಕಾದ್ರ ನೀನೂ ನೆಕ್ಕು," ಎಂದು ನಕ್ಕಳು.

ಒಂದು ದಿನ ಬದುವಿನ ಮೇಲೆ ಕುಳಿತು, ಚಹಾಪುಡಿಯಂಥ ಕಪ್ಪು ರಕ್ತ ಕಾರಿದಳು. ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಒಯ್ದೆವು. ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರುತ್ತಿದೆ ಎಂದರು ಡಾಕ್ಟರು.

"ಗುಳಿಗಿ ಬಿಡಬೇಕಮ್ಮಾ. ಜೇನು ತಿಂದ್ರ ತಪ್ಪಿಲ್ಲ, ಆದ್ರ ಇಷ್ಟು ಗುಳಿಗಿ ಅದು ತಡಿಯಂಗಿಲ್ಲ."

"ಬಿಟ್ರ ನಡ ಬಗ್ಗಂಗಿಲ್ರೀ," ಎಂದಳು ತಂಗಿ.

ಬಗ್ಗದವಳನ್ನು ಯಾರೂ ನಾಟಿಗೆ ಕರೆಯುವುದಿಲ್ಲ. ಅದಕ್ಕೆ ಡಾಕ್ಟರ ಹತ್ತಿರ ಔಷಧ ಇರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಮತ್ತೆ ಗದ್ದೆಗೆ ಬಂದಳು. ಗುಳಿಗೆ ನುಂಗುವುದನ್ನು ನೋಡಿದೆ, ಏನೂ ಹೇಳಲಿಲ್ಲ. ಹೇಳಿ ಬಿಡಿಸಿದರೆ ಅವಳ ಪಾಲಿನ ಸಸಿಯನ್ನೂ ನಾನೇ ನೆಡಬೇಕಿತ್ತು. ನನ್ನ ನಡಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಮುಂದಿನ ನಾಟಿಯ ಹೊತ್ತಿಗೆ ಅವಳು ಸತ್ತಿದ್ದಳು. ನಾವು ಗುಳಿಗೆ ನುಂಗಿ ಗದ್ದೆಗೆ ಇಳಿದೆವು.