ತೊಳೆಯಬಾರದಿದ್ದ ತಗಡುಗಳು

ಕರೋನಾ ಕಳೆದ ಮರುವರ್ಷ ನಾನು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಜಾಕ್‌ವೆಲ್‌ನಲ್ಲಿ ಹೆಲ್ಪರ್ ಆಗಿದ್ದೆ. ಜಾಕ್‌ವೆಲ್ ಎಂದರೆ ಊರಿಗೆ ಕುಡಿಯುವ ನೀರೆತ್ತಲು ನದಿಯಲ್ಲಿ ಕಟ್ಟಿದ ದೊಡ್ಡ ಬಾವಿ. ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿದ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ಅದು. ನರೋಣಾ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದ ನಾನು ಸಾಹೇಬರ ಎದುರು ಬಾಯಿ ಬಿಡುತ್ತಿರಲಿಲ್ಲ.

ನೀರು ಒಳಬರುವ ಜಾಲರಿಗೆ ಲೋಳೆ, ಪಾಚಿ, ಸಣ್ಣ ಚಿಪ್ಪುಗಳು ಹತ್ತುತ್ತಿದ್ದವು. ತಿಕ್ಕಿ ತಿಕ್ಕಿ ನನ್ನ ರಟ್ಟೆಗಳು ಸೋತಿದ್ದವು. ಇದಕ್ಕೆ ಬಯೋಫೌಲಿಂಗ್ ಎನ್ನುತ್ತಾರೆಂದು ಹೇಳಿದವಳು ಜೇವರ್ಗಿಯ ರುಖ್ಸಾನಾ, ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ. ಸಮುದ್ರದಲ್ಲಿ ಸ್ಪಂಜ್ ಎಂಬ ಪ್ರಾಣಿ ಇದೆಯಂತೆ. ಕೂತಲ್ಲೇ ಕೂತಿದ್ದರೂ ಅದರ ಮೈಗೆ ಚಿಪ್ಪು ಹತ್ತುವುದಿಲ್ಲ. ಅದು ತನ್ನೊಳಗೇ ತಯಾರಿಸುವ ರಾಸಾಯನಿಕ ಕಾಯುತ್ತದೆ. ತಾಮ್ರ ಬೆರೆಸಿದ ಬಣ್ಣವೂ ಚಿಪ್ಪನ್ನು ತಡೆಯುತ್ತದೆ, ಆದರೆ ಅದು ನೀರಿನ ಜೀವಿಗಳಿಗೆ ವಿಷ. ಸ್ಪಂಜಿನ ರಾಸಾಯನಿಕ ಕೊಲ್ಲದೆ ದೂರವಿಡುತ್ತದೆಯೇ, ನಮ್ಮ ಹೊಳೆಯಲ್ಲೂ ನಡೆಯುತ್ತದೆಯೇ ಎಂದು ಅವಳು ನೋಡಬೇಕಿತ್ತು. ಆ ರಾಸಾಯನಿಕ ಬೆರೆಸಿದ ಬಣ್ಣದ ತಗಡುಗಳನ್ನೂ ಬರೀ ಬಣ್ಣದ ತಗಡುಗಳನ್ನೂ ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿದಳು.

ಮಹಾನವಮಿ ಬಂತು. ಪಂಪ್ ಆಪರೇಟರ್ ಶರಣಪ್ಪ ಖಂಡೇಪೂಜೆಗೆಂದು, ಅಂದರೆ ಆಯುಧಪೂಜೆಗೆಂದು, ಮೋಟರು, ನಟ್ಟು ಬಿಗಿಯುವ ಪಾನಾ ಎಲ್ಲ ಒರೆಸಿದ. ತಗಡುಗಳನ್ನೂ ಮೇಲೆಳೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಹಚ್ಚಿ ಸಾಲಾಗಿ ನಿಲ್ಲಿಸಿದ.

ಅಳತೆ ತೆಗೆಯಲು ಬಂದ ರುಖ್ಸಾನಾ ಒಂದು ತಗಡನ್ನೆತ್ತಿ ಎರಡೂ ಬದಿ ತಿರುಗಿಸಿ ನೋಡಿದಳು.

"ಕಾಕಾ, ಏನ್ ಮಾಡಿದ್ರಿ ಇದು?"

"ಎಷ್ಟ್ ಹೊಲಸಾಗಿದ್ವು ಬೇ! ಹಬ್ಬದಾಗ ಹಂಗೇ ಬಿಡ್ತಾರೇನು? ನೋಡು, ಹೆಂಗ ಮಿಂಚಾಕತ್ತಾವ."

"ಆ ಹೊಲಸೇ ನನ್ನ ಪಿಎಚ್‌.ಡಿ. ರೀ ಕಾಕಾ."

ಶರಣಪ್ಪನ ಮುಖ ಬಾಡಿತು. ಪೂಜೆಗೆ ಬಂದಿದ್ದ ಎಂಜಿನಿಯರ್ ಸಾಹೇಬರು, "ಸಾಕ್ ಮಾಡವಾ ಇನ್ನ, ತಗಡು ತಗೊಂಡ್ ಹೋಗು" ಎಂದರು. ಪಿಎಚ್‌.ಡಿ. ಮುಗಿಸಲು ಅವಳಿಗೆ ಉಳಿದದ್ದು ಒಂದೇ ವರ್ಷ. ಹಗ್ಗ ಬಿಚ್ಚತೊಡಗಿದಳು.

"ಸಾಹೇಬ್ರ, ಇನ್ನೊಂದ್ ಸಲ ಕಟ್ಟಲಿ ಬಿಡ್ರಿ. ನಾ ಕಾಯ್ತೇನಿ." ಅದು ನನ್ನದೇ ದನಿ.

"ನಿಮಗ ಮಾತ್ ಬರ್ತದೇನ್ರಿ?" ಸಾಹೇಬರು ನಕ್ಕುಬಿಟ್ಟರು. "ಕಟ್ಟಲಿ. ಜವಾಬ್ದಾರಿ ನಿಮ್ದು."

ವರ್ಷವಿಡೀ ಕಾದೆ. ಬಟ್ಟೆ ಒಗೆಯುವವರಿಗೆ, ಮೀನು ಹಿಡಿಯುವವರಿಗೆ ಬರೀ "ಮುಟ್ಟಬೇಡ್ರಿ" ಅನ್ನದೆ, ಯಾಕೆಂದು ಪ್ರತಿ ಸಲವೂ ಬಿಡಿಸಿ ಹೇಳಬೇಕಾಯಿತು. ಮಾತು ಬಾರದವಳಿಗೆ ಅದೇ ದೊಡ್ಡ ದಣಿವು.

ಮರುವರ್ಷದ ಮಹಾನವಮಿಗೆ ಶರಣಪ್ಪ ಹಗ್ಗದ ಒಣ ತುದಿಗಷ್ಟೇ ಚೆಂಡುಹೂ ಕಟ್ಟಿದ. "ಹೊಲಸಿಗೂ ಪೂಜಾ ಆತು ನೋಡಕ್ಕಾ!"

ರುಖ್ಸಾನಾ ತಗಡೆತ್ತಿದಳು. ಬರೀ ಬಣ್ಣದವು ಚಿಪ್ಪಿನಡಿ ಮುಚ್ಚಿಹೋಗಿದ್ದವು. ಸ್ಪಂಜಿನವುಗಳ ಮೇಲೆ ಚಿಪ್ಪು ಕಡಿಮೆ, ಆದರೆ ಲೋಳೆ ಹತ್ತಿತ್ತು.

"ಬ್ಯಾಸಗಿ ತನಕ ತಡೀತು, ಆಮ್ಯಾಲ ಸೋತದ ಅಮ್ಮಾ."

"ಸೋತದ್ದೂ ಬರೀತಿಯೇನು?" ನಾನು ಕೇಳಿದೆ.

"ಅದನ್ನ ಮೊದ್ಲ ಬರೀಬೇಕ್ರಿ."

ಹಾಗೇ ಬರೆದಳು, ಪದವಿಯೂ ಬಂತು. ನಾನು ನಿವೃತ್ತಳಾದೆ. ಆ ಜಾಲರಿಯನ್ನು ಈಗ ಬೇರೆ ಯಾರೋ ತಿಕ್ಕುತ್ತಿದ್ದಾರೆ. ತೊಳೆಯುವುದೊಂದೇ ಕೆಲಸವೆಂದು ಬದುಕಿದವಳು ನಾನು, ಮಕ್ಕಳೇ. ಕೈ ಕಟ್ಟಿಕೊಂಡು ಹೊಲಸು ಬೆಳೆಯುವುದನ್ನು ಕಾಯುವುದೂ ಕೆಲಸವೇ ಎಂದು ಆ ನೌಕರಿ ಕಲಿಸಿತು. ತೊಳೆಯುವುದಕ್ಕಿಂತ ಅದೇ ನನ್ನನ್ನು ಹೆಚ್ಚು ದಣಿಸಿತು.