ಗುಂಡ್ಲುಪೇಟೆಯಲ್ಲಿ ಕಾಸದೆ ಕೂತ ಟೀ

ಗುಂಡ್ಲುಪೇಟೆ ಹೈಸ್ಕೂಲಿನ ನಮ್ಮ ತರಗತಿಯಲ್ಲಿ ಹುಡುಗಿಯರು ಮೂರೇ ಜನ. ಬೆಲ್ ಹೊಡೆದರೂ ನಾವು ಒಳಗೆ ಹೋಗುವಂತಿರಲಿಲ್ಲ. ಮೇಷ್ಟ್ರು ಬರುವ ತನಕ ಜಗಲಿಯಲ್ಲಿ ನಿಂತಿದ್ದು, ಕೋಳಿಮರಿಗಳ ಹಾಗೆ ಅವರ ಬೆನ್ನ ಹಿಂದೆ ಒಳಗೆ ಹೋಗಬೇಕು, ಹಾಗೆಯೇ ಹೊರಗೆ ಬರಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ.

ಅಂಥ ದಿನಗಳಲ್ಲೇ ಚರಿತ್ರೆಯ ಮೇಷ್ಟ್ರು ಅಮೆರಿಕದ ಪಾಠ ಶುರು ಮಾಡಿದರು. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲ. ಟೀ ಸೊಪ್ಪಿನ ಮೇಲೆ ತೆರಿಗೆ ಹಾಕುವವರು ಸಮುದ್ರದಾಚೆ ಲಂಡನ್ನಿನಲ್ಲಿ. ಅವರ ಸಭೆಯಲ್ಲಿ ಅಮೆರಿಕದವರ ಪರ ಒಬ್ಬನೂ ಇಲ್ಲ. ನಮ್ಮನ್ನು ಕೇಳದೆ ಹಾಕಿದ ತೆರಿಗೆಯನ್ನು ನಾವೇಕೆ ಕೊಡಬೇಕು ಎಂದು ಬಾಸ್ಟನ್ ಊರಿನ ಜನ ಹಡಗಿಗೆ ನುಗ್ಗಿ ಟೀ ಪೆಟ್ಟಿಗೆಗಳನ್ನೆಲ್ಲ ನೀರಿಗೆ ಎಸೆದರಂತೆ. ಮೇಷ್ಟ್ರು ಡಸ್ಟರನ್ನು ಕಿಟಕಿಯಾಚೆ ಎಸೆದೇ ತೋರಿಸಿದರು. ನನಗೆ ಕುಣಿಯುವಷ್ಟು ಖುಷಿ.

ಯಾಕೆಂದರೆ ಆ ವಾರವೇ ಕ್ಲಾಸ್ ಲೀಡರ್ ಚುನಾವಣೆ ಆಗಿತ್ತು. ಚೀಟಿ ಬರೆದವರು ಹುಡುಗರು ಮಾತ್ರ. ಓದು ಬಾರದ ನನ್ನಜ್ಜಿ ಬೇಗೂರಿನಲ್ಲಿ ವೋಟು ಹಾಕಿ, ಬೆರಳಿನ ಮಸಿಯನ್ನು ಊರಿಗೆಲ್ಲ ತೋರಿಸಿಕೊಂಡು ಓಡಾಡಿದ್ದಳು. ಹೈಸ್ಕೂಲು ಓದುವ ನನಗೆ ವೋಟಿಲ್ಲ! ಶಾಲಾ ವಾರ್ಷಿಕೋತ್ಸವದ ಅತಿಥಿಗಳಿಗೆ ಟೀ ಕಾಸುವುದು ಮಾತ್ರ ಹುಡುಗಿಯರ ಪಾಲಿಗೆ. ಊಟಿ ಕಡೆಯ ಲಾರಿಯಲ್ಲಿ ಬಂದ ಟೀ ಪುಡಿಯ ಡಬ್ಬ ನಮಗಾಗಿ ಕಾದು ಕೂತಿತ್ತು.

“ನಾವು ಕಾಸೋದ್ ಬ್ಯಾಡ,” ಅಂದೆ.

ಹರವೆ ಊರಿನಿಂದ ಬರುತ್ತಿದ್ದ ಗೆಳತಿ ಹೆದರಿದಳು. “ನಮ್ಮಪ್ಪುಂಗೆ ಗೊತ್ತಾದ್ರೆ ಸ್ಕೂಲ್ ಬುಡುಸ್ಬುಡ್ತಾನೆ ಕಣಮ್ಮಿ.”

ಅದು ಸುಳ್ಳಲ್ಲ. ನನ್ನನ್ನು ಶಾಲೆ ಬಿಡಿಸಿ ಮದುವೆ ಮಾಡಲು ನಮ್ಮ ಮನೆಯಲ್ಲೂ ಒಂದು ನೆಪಕ್ಕಾಗಿ ಕಾಯುತ್ತಿದ್ದರು.

ಮೂರನೆಯವಳು ನಮ್ಮದೇ ಹೊಲದಲ್ಲಿ ಕೂಲಿ ಮಾಡುವವರ ಮಗಳು. ಬೆಂಚಿನಲ್ಲಿ ನಮ್ಮ ಪಕ್ಕ ಕೂರುತ್ತಿದ್ದಳು, ಆದರೆ ನೀರಿನ ಕೊಡ ಮುಟ್ಟುವಂತಿರಲಿಲ್ಲ. ಟೀ ಕೆಲಸದಲ್ಲೂ ಅವಳಿಗೆ ಸೌದೆ ತರುವುದಷ್ಟೇ. ಒಂದೇ ವಯಸ್ಸಾದರೂ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. “ಆ ಅಮೇರಿಕ್ದೋರ್ ಹೊಲ್ದಲ್ಲಿ ಗೇಯ್ತಿದ್ದೋರ್ಗೂ ವೋಟಿತ್ತಾ ಅಂತ ಮೇಷ್ಟ್ರ ಕೇಳಿ ಕಣ್ರವ್ವಾ,” ಅಂದಳು.

ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಇಲ್ಲಮ್ಮ. ಸ್ವಾತಂತ್ರ್ಯ ಬೇಕು ಅಂತ ಕೂಗಿದೋರಲ್ಲೇ ಎಷ್ಟೋ ಜನ ಮನುಷ್ಯರನ್ನ ಕೊಂಡು ದುಡಿಸ್ತಿದ್ರು.”

ಎಂಥ ಜನ ಎಂದು ನಾನು ಮೂಗು ಮುರಿದೆ.

ವಾರ್ಷಿಕೋತ್ಸವದ ಬೆಳಗ್ಗೆ ಶಾಲೆಯ ಹಿಂದೆ ಮೂವರೂ, ಹರವೆಯವಳು ಹೆದರುತ್ತಲೇ, ಒಲೆ ಹೊತ್ತಿಸದೆ ಕೂತಿದ್ದೆವು. ಮೇಷ್ಟ್ರು ಹುಡುಕಿಕೊಂಡು ಬಂದರು. “ವೋಟು ಕೊಡಿ ಸಾರ್, ಟೀ ಕಾಸ್ತೀವಿ,” ಅಂದೆ. ನನ್ನನ್ನು ಮನೆಗೆ ಕರೆದೊಯ್ಯಲು ಅಪ್ಪನ ಗಾಡಿ ಬಂದೇಬಿಟ್ಟಿತು ಎನ್ನಿಸಿತು.

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಾನು ಹೇಳ್ಕೊಟ್ಟ ಪಾಠ ನನ್ನ ಕೊರಳಿಗೇ ಬಂತಲ್ಲಮ್ಮ!” ಎಂದು ತರಗತಿಯನ್ನು ಸೇರಿಸಿ ಅಲ್ಲೇ ಮತ್ತೆ ಚುನಾವಣೆ ನಡೆಸಿದರು.

ಗೆದ್ದವನು ಹಳೆಯ ಲೀಡರೇ. ಒಂದೇ ಒಂದು ಚೀಟಿಯಲ್ಲಿ ನನ್ನ ಹೆಸರಿತ್ತು. ಹುಡುಗರು ಹೋ ಎಂದು ಕೂಗಿದರು. ನಾನೇ ಬರೆದುಕೊಂಡೆ ಎಂದು ಅವರ ಎಣಿಕೆ. ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಹಾರಾಡಿದ ನಾನು ಹುಡುಗಿಯ ಹೆಸರು ಬರೆಯಲು ಧೈರ್ಯ ಸಾಲದೆ ಅದೇ ಲೀಡರನ ಹೆಸರು ಬರೆದಿದ್ದೆ.

ಒಲೆ ಹೊತ್ತಿಸಿದೆವು. ಮೂರನೆಯವಳು ಸೌದೆ ತಂದು ಎಂದಿನಂತೆ ದೂರದಲ್ಲೇ ಇಳಿಸಿದಳು.

“ಆ ಚೀಟಿ ನಾನೇ ಬರ್ದಿದ್ದು,” ಅಂದಳು. “ಈಗ ನೀವೇ ಯೋಳಿ. ನಾನು ಈ ಪಾತ್ರೆ ಮುಟ್ಬೋದಾ?”

ನಾಚಿಕೆಯಿಂದ ನನ್ನ ಮುಖ ಕಾದುಹೋಯಿತು. ಸೌಟನ್ನು ಅವಳ ಕೈಗೆ ಕೊಟ್ಟೆ. ಅವಳು ಬೆಲ್ಲ ಸುರಿದು, ಕುದಿಸಿ, ಮೊದಲ ಲೋಟ ನನ್ನ ಮುಂದೆ ಹಿಡಿದಳು. ಹರವೆಯವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಲ್ಲಿ ಮನಸ್ಸು ಬದಲಾದೀತೋ ಎಂದು ನಾನು ಆರಿಸದೆ ಒಂದೇ ಗುಟುಕಿಗೆ ಕುಡಿದೆ.

ನನ್ನ ಕುಣಿತ ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಲೋಟ ಕೊಟ್ಟವಳು ನಗುತ್ತಲೇ ನನ್ನ ಭುಜ ಹಿಡಿದು ಕೇಳಿದಳು: “ನಾಲ್ಗೆ ಸುಟ್ಕೊಬುಟ್ಟೇನಮ್ಮಿ?”