ಬಂದದ ಅನ್ನಬಾರದ ಮನೆ

ಕಮಲಾಪುರದ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ಕರೆಂಟು ಹೋಗುವುದು ಹೊಸದೇನಲ್ಲ. ಹೋದಾಗ ಯಾರೂ ಏನೂ ಅನ್ನುವುದಿಲ್ಲ. ತಿರುಗಿ ಬಂದಾಗ ಮಾತ್ರ ಓಣಿಯ ಹುಡುಗರೆಲ್ಲ ಒಂದೇ ಬಾಯಿಂದ "ಬಂತೂ" ಅಂತ ಕೂಗುತ್ತಾರೆ. ಆ ಕೂಗು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಮೊಮ್ಮಗಳು ನಗುತ್ತಾಳೆ, ಕೂಗುವವರು ಅವರು, ಬಾಯಿ ಮುಚ್ಚಿಕೊಳ್ಳುವವಳು ನೀನು, ಇದೆಂಥಾದ್ದು ಅಜ್ಜಿ ಅಂತ. ಅವಳಿಗೆ ಏನಂತ ಹೇಳಲಿ? ನಾನು ಹುಟ್ಟಿ ಬೆಳೆದ ಮನೆಯಲ್ಲಿ ಆ ಒಂದು ಮಾತು ಆಡುವ ಹಾಗಿರಲಿಲ್ಲ. ಬೈಗುಳ ಆಡಿದರೆ ಅವ್ವ ಕಿವಿ ಹಿಂಡಿ ಬಿಟ್ಟುಬಿಡುತ್ತಿದ್ದಳು. ಆ ಮಾತು ಆಡಿದರೆ ಅಪ್ಪ ಊಟದ ತಾಟು ಬಿಟ್ಟು ಎದ್ದು ಹೋಗಿ ಕಟ್ಟೆಯ ಮೇಲೆ ಒಬ್ಬನೇ ಕೂಡುತ್ತಿದ್ದ. ಯಾವುದು ದೊಡ್ಡ ಶಿಕ್ಷೆ ಅಂತ ನೀವೇ ಹೇಳ್ರಿ.

ಆ ಮನೆ ಈಗಿಲ್ಲ, ಅಲ್ಲಿ ಅಂಗಡಿಗಳ ಸಾಲು ಎದ್ದಿದೆ. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಶಹಾಬಾದ ಫರಸಿಕಲ್ಲು ಹಾಸಿದ ಪಡಸಾಲೆ. ಬ್ಯಾಸಗಿಯ ಮಧ್ಯಾಹ್ನ ಆ ಫರಸಿಯ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡರೆ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಬಾಗಿಲ ಬಲಕ್ಕೆ ಗೂಟದಲ್ಲಿ ಅಪ್ಪನ ಹಗ್ಗ ತೂಗುತ್ತಿತ್ತು, ಕಂಬ ಏರಿದ ಮೇಲೆ ಸೊಂಟಕ್ಕೂ ಕಂಬಕ್ಕೂ ಸೇರಿಸಿ ಕಟ್ಟಿಕೊಳ್ಳುವ ಹಗ್ಗ. ಬೆವರು, ಡಾಂಬರು, ಕುಸುಬಿ ಎಣ್ಣೆ ಎಲ್ಲಾ ಕುಡಿದು ಕರ್ರಗಾಗಿತ್ತು. ನಾನು ಅದಕ್ಕೆ ಮೂಗು ಹಚ್ಚಿ ನಿಲ್ಲುತ್ತಿದ್ದೆ, ಅಪ್ಪ ಮನೆಯಲ್ಲಿ ಇದ್ದಾನೋ ಇಲ್ಲವೋ ಅಂತ ಗೂಟ ನೋಡಿಯೇ ತಿಳಿಯುತ್ತಿದ್ದೆ. ನಿಜಾಮರ ಆಳ್ವಿಕೆಯ ದಿನಗಳು ಅವು. ಕರೆಂಟು ಅನ್ನುವ ಮಾತಿನ್ನೂ ನಮ್ಮ ಬಾಯಿಗೆ ಹತ್ತಿರಲಿಲ್ಲ, ಬಿಜಲಿ ಅಂತಲೇ ಅನ್ನುತ್ತಿದ್ದೆವು. ಕಚೇರಿ, ದವಾಖಾನೆ, ದೊಡ್ಡವರ ಬಂಗಲೆ, ನಾಲ್ಕು ಬೀದಿ, ಅಷ್ಟಕ್ಕೇ ಬಿಜಲಿ ಇತ್ತು. ನನ್ನ ಅಪ್ಪ ಶರಣಪ್ಪ ಆ ತಂತಿ ಎಳೆಯುವ ಗ್ಯಾಂಗಿನ ಮೇಸ್ತ್ರಿ. ಊರಿಗೆ ದೀಪ ಹಚ್ಚುವವನು ತಾನು ಮಾತ್ರ ಚಿಮಣಿ ಬೆಳಕಿನಲ್ಲಿ ರೊಟ್ಟಿ ಮುರಿಯುತ್ತಿದ್ದ, ನಮಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಆ ಮಾತು ಯಾಕೆ ಕೂಡದು ಅಂತ ಅವ್ವ ನನಗೆ ತಿಳಿಸಿ ಹೇಳಿದ್ದಳು. ನಮ್ಮ ಕಡೆ ಕನ್ನಡವೂ ದಖನಿ ಉರ್ದುವೂ ಒಂದೇ ಬಾಯಲ್ಲಿ ಆಡುತ್ತವೆ. ಬಿಜಲಿ ಹರಿಯಾಕ ಹತ್ತಿದರೆ ಕನ್ನಡದಲ್ಲಿ "ಬಂದದ" ಅನ್ನುತ್ತೇವೆ. ಅದೇ ಬಿಜಲಿ ನಿಂತಿದ್ದರೆ ದಖನಿಯ ಬಂದ್ ಸೇರಿಸಿ "ಬಂದ್ ಅದ" ಅನ್ನುತ್ತೇವೆ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡ್ರಿ. ಎರಡೂ ಒಂದೇ ಕೇಳುತ್ತವೆ, ಅರ್ಥ ಮಾತ್ರ ಸಾವು ಬದುಕಿನಷ್ಟು ಬೇರೆ. ಕಂಬದ ಮೇಲಿದ್ದವನಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಅದಕ್ಕೇ ಅಪ್ಪ ತನ್ನ ಗ್ಯಾಂಗಿನಲ್ಲಿ ಅದನ್ನು ಅಳಿಸಿಯೇ ಬಿಟ್ಟಿದ್ದ. ಬಿಜಲಿ ನಿಂತರೆ "ಮಲ್ಕೊಂಡದ", ಹರಿದರೆ "ಎದ್ದದ". ನಾಲಿಗೆಗೆ ಮನೆಯಲ್ಲಿ ಒಂದು ರೂಢಿ, ಕಂಬದ ಮೇಲೆ ಇನ್ನೊಂದು ರೂಢಿ ಆಗುವುದಿಲ್ಲ ಅಂತ ಮನೆಯಲ್ಲೂ ಬಿಡಿಸಿದ. ಹಂಗಾದರೆ ಬಂದವರನ್ನು ಏನನ್ನಬೇಕು? ಅವ್ವ ಮೊದಲು, ಬಂದು ತಲುಪಿದರು ಅನ್ನುವ ಅರ್ಥಕ್ಕೆ, "ಮುಟ್ಯಾರ" ಅಂದು ನೋಡಿದಳು. ತಂತಿ ಮುಟ್ಟುವ ಮನುಷ್ಯನ ಮನೆಯಲ್ಲಿ ಅದೂ ಬ್ಯಾಡ ಅಂದ ಅಪ್ಪ. ಕಡೆಗೆ ಕಚೇರಿಯ ಮಾತೇ ಗತಿಯಾಯಿತು, "ಹಾಜರ್". ಮಾವ ಹಾಜರ್, ಮಳೆ ಹಾಜರ್, ಮೊಸರಿನವಳು ಹಾಜರ್, ಜ್ವರವೂ ಹಾಜರ್. ಓಣಿಯವರು ನಮ್ಮದಕ್ಕೆ ಹಾಜರ್ ಮನಿ ಅಂತಲೇ ಹೆಸರಿಟ್ಟರು. ಅಜ್ಜಿ ಕಮಲಾಪುರದಿಂದ ಕೆಂಪು ಬಾಳೆಯ ಗೊನೆ ಹೊರಿಸಿಕೊಂಡು ಬಂದಾಗ ನಾನು ಬಾಗಿಲಲ್ಲಿ ನಿಂತು "ಅಜ್ಜಿ ಹಾಜರ್" ಅಂದರೆ, ನಾನೇನು ಸಾಕ್ಷಿ ಹೇಳಾಕ ನಿಂತೀನೇನ ಹುಡುಗಿ ಅಂತ ಮುಖ ಗಂಟು ಹಾಕಿಕೊಂಡಿದ್ದಳು. ಎರಡು ದಿನ ಅವಳ ಸಿಟ್ಟು ಇಳಿಯಲಿಲ್ಲ.

ನಮ್ಮ ಮನೆಗೆ ದಿನಾ ಹಾಜರ್ ಆಗುತ್ತಿದ್ದವನು ಲಾಲಸಾಬ ಚಾಚಾ. ಅವನೂ ಅಪ್ಪನೂ ಕಮಲಾಪುರದಲ್ಲಿ ಕೂಡಿ ಆಡಿ ಬೆಳೆದವರು, ಕೂಡಿಯೇ ಕಲಬುರಗಿಗೆ ಬಂದು ಕಂಬ ನೆಡುವ ಕೆಲಸಕ್ಕೆ ಸೇರಿದವರು. ಚಾಚಾನಿಗೆ ಬಲಗೈ ಮೊಣಕೈ ತನಕ ಮಾತ್ರ ಇತ್ತು. ಬಿಜಲಿ ಹಿಡಿದು ಹೋಯಿತು ಅಂತಷ್ಟೇ ನನಗೆ ಗೊತ್ತು. ಆ ಮೊಂಡಗೈಯ ಮೇಲೆ ನನ್ನನ್ನು ಕೂಡಿಸಿಕೊಂಡು ಓಣಿ ತುಂಬ ತಿರುಗುತ್ತಿದ್ದ, ಎಡಗೈಯಿಂದ ರೊಟ್ಟಿ ಎಷ್ಟು ಚಂದ ಮುರಿಯುತ್ತಿದ್ದನೆಂದರೆ ಎರಡು ಕೈ ಇದ್ದವರೇ ಹೆಚ್ಚಿನದೇನೋ ಇಟ್ಟುಕೊಂಡಂತೆ ಕಾಣುತ್ತಿತ್ತು. ಕೈ ಹೋದ ಮೇಲೆ ಅವನನ್ನು ಕೆಲಸದಿಂದ ತೆಗೆಯಬೇಕೆಂದಿದ್ದರಂತೆ. ಬಿಜಲಿಘರದಲ್ಲಿ ತಂತಿಗೆ ಬಿಜಲಿ ಬಿಡುವ ದೊಡ್ಡ ಹಿಡಿಕೆಯ ಹತ್ತಿರ ಲಾಲಸಾಬನೇ ಕೂಡಬೇಕು, ಅವನು ಕೂತರೆ ಮಾತ್ರ ನಾನು ಕಂಬ ಏರುತ್ತೇನೆ ಅಂತ ಅಪ್ಪ ಹಟ ಹಿಡಿದು ಕೂತನಂತೆ. ಕೈ ಇಲ್ಲದವನ ಕೈಗೆ ಜೀವ ಕೊಡ್ತೀಯೇನು ಅಂತ ಯಾರೋ ನಕ್ಕರೂ ಅಪ್ಪ ಜಗ್ಗಲಿಲ್ಲ.

ಅಪ್ಪ ಕಂಬ ಏರಿದ್ದನ್ನು ನಾನು ಮೊದಲು ನೋಡಿದಾಗ ಅವನು ನನ್ನ ಅಪ್ಪನೇ ಅಂತ ನಂಬಲಾಗಲಿಲ್ಲ. ಮನೆಯಲ್ಲಿ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುವ ಮನುಷ್ಯ ಅಲ್ಲಿ ಆಕಾಶದಲ್ಲಿ, ಹದ್ದು ಹಾರುವಲ್ಲಿ, ಹಗ್ಗಕ್ಕೆ ಮೈ ಬಿಟ್ಟು ಎರಡೂ ಕೈಯಿಂದ ಕೆಲಸ ಮಾಡುತ್ತಿದ್ದ. ಕೆಳಗೆ ಇಡೀ ಗ್ಯಾಂಗು ಕತ್ತು ಎತ್ತಿ ನಿಂತಿತ್ತು. ಅದಕ್ಕಿಂತ ಬೆರಗು ಹುಟ್ಟಿಸಿದ್ದು ಏರುವ ಮೊದಲಿನ ಆ ಕೂಗು. ದೂರದ ಬಿಜಲಿಘರದ ಕಿಟಕಿಯಿಂದ ಚಾಚಾ ರಾಗವಾಗಿ ಕೂಗುತ್ತಿದ್ದ: "ಮಲ್ಕೊಂಡದ, ಲಾಲಸಾಬ ಹೇಳಿದ್ದು." ನಡುವೆ ನಿಂತವನು ಅದನ್ನು ಹಾಗೇ ಎತ್ತಿ ಮುಂದೆ ದಾಟಿಸುತ್ತಿದ್ದ. ಕಂಬದ ಬುಡದಿಂದ ಅಪ್ಪ "ಮಲ್ಕೊಂಡದ, ಶರಣಪ್ಪ ಕೇಳಿದ್ದು" ಅಂತ ತಿರುಗಿ ಕಳಿಸುತ್ತಿದ್ದ. ಹೇಳಿದವನ ಹೆಸರು, ಕೇಳಿದವನ ಹೆಸರು, ಎರಡೂ ಇಲ್ಲದ ಮಾತು ಮಾತೇ ಅಲ್ಲ. ಅಪ್ಪನ ಮಾತು ತಿರುಗಿ ತನ್ನ ಕಿವಿಗೆ ಮುಟ್ಟುವ ತನಕ ಚಾಚಾ ಹಿಡಿಕೆಯ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಬೀದಿಯ ಗದ್ದಲವೆಲ್ಲ ಆ ಕೂಗಿಗೆ ಒಂದು ಗಳಿಗೆ ತಣ್ಣಗಾಗುತ್ತಿತ್ತು. ಗುಡಿಗೆ ಹೋಗುವವರೂ ನಿಂತು ಕೇಳಿ ಮುಂದೆ ಹೋಗುತ್ತಿದ್ದರು.

ಒಂದು ವೈಶಾಖದಲ್ಲಿ ದೊಡ್ಡ ಗಾಳಿ ಬೀಸಿ ಊರ ತಂತಿಯೆಲ್ಲ ಹರಿದು ಬಿತ್ತು. ಅವತ್ತೇ ಹೈದರಾಬಾದಿನಿಂದ ಯಾರೋ ದೊಡ್ಡ ಅಧಿಕಾರಿ ಬರುವವರಿದ್ದರು, ಹೊತ್ತು ಮುಳುಗುವುದರೊಳಗೆ ಬಂಗಲೆಗೆ ದೀಪ ಬೇಕಿತ್ತು. ಬಿಜಲಿಘರದ ಕೆಲಸ ನೋಡಿಕೊಳ್ಳಲು ಹೊಸ ದಾರೋಗಾ ಬಂದಿದ್ದ, ಬೀದರ ಕಡೆಯವನು, ಮಾತು ಮಾತಿಗೆ ಜೇಬಿನ ಗಡಿಯಾರ ತೆಗೆದು ನೋಡುವವನು. ನಡುವೆ ನಿಂತು ಕೂಗುವವನನ್ನು ಅವನು ಬಂಗಲೆಯ ಮುಂದೆ ಬಿದ್ದ ಬೇವಿನ ಗಿಡ ಎತ್ತಲು ಕಳಿಸಿಬಿಟ್ಟಿದ್ದ. ಅದಕ್ಕೆ ಅಪ್ಪ ತಾನೇ ಬಿಜಲಿಘರಕ್ಕೆ ಹೋಗಿ, ಕೆಲಸ ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ, ಅಲ್ಲೀ ತನಕ ಎಬ್ಬಿಸಬ್ಯಾಡ ಅಂತ ಚಾಚಾನಿಗೆ ಹೇಳಿ ಬಂದು ಕಂಬ ಏರಿದ.

ನಾನು ಇಬ್ಬರ ಬುತ್ತಿಯನ್ನೂ ಹೊತ್ತುಕೊಂಡು ಹೋಗಿದ್ದೆ, ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅಪ್ಪನ ಗಂಟು ಕಂಬದ ಬುಡದಲ್ಲಿಟ್ಟು ಮೇಲೆ ನೋಡಿದರೆ ಅವನು ಹಗ್ಗ ಬಿಚ್ಚಿ ಇಳಿಯತೊಡಗಿದ್ದ. ಅರ್ಧ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಪ್ಪನಿಗಿಂತ ಮೊದಲು ಈ ಸುದ್ದಿ ನಾನು ಮುಟ್ಟಿಸಬೇಕು, ಇಡೀ ಊರಿಗೆ ನನ್ನ ಮಾತಿನಿಂದ ದೀಪ ಹತ್ತಬೇಕು! ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಚಾಚಾನ ಬುತ್ತಿ ಎದೆಗವಚಿಕೊಂಡು ಓಡಿದೆ. ಬಿಜಲಿಘರದ ಬಾಗಿಲಿಗೆ ಮುಟ್ಟುವಾಗ ಏದುಸಿರಿನಲ್ಲಿ ಮನೆಯ ರೂಢಿಯೆಲ್ಲ ಮರೆತುಹೋಗಿ, ಓಣಿಯ ಹುಡುಗರ ಮಾತೇ ಬಾಯಿಗೆ ಬಂತು. "ಅಪ್ಪ ಬಂದ, ಚಾಚಾ, ಅಪ್ಪ ಬಂದ" ಅಂದೆ.

ದಾರೋಗಾ ಕೇಳಿದ್ದೇ ಎದ್ದು ನಿಂತ. ಮೇಸ್ತ್ರಿ ಬಂದನಂತಲ್ಲ, ಇನ್ನೇನು ನೋಡ್ತೀ, ಹಾಕು ಅಂದ. ಚಾಚಾ ಹಾಕಲಿಲ್ಲ. ಎಡಗೈ ಹಿಡಿಕೆಯ ಮೇಲೇ ಇತ್ತು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, ಅಪ್ಪ ತನ್ನ ಬಾಯಿಂದ ಏನಂದ ಬೇಟಿ, ಅಂದದ್ದು ಅಂದಂಗೇ ಹೇಳು ಅಂತ. ಅಪ್ಪ ಏನೂ ಅಂದಿರಲಿಲ್ಲ. ದಾರೋಗಾನ ಮುಖ ಕೆಂಪಾಯಿತು. ನಿನ್ನ ನೌಕರಿ ಇವತ್ತಿಗೆ ಮುಗೀತು ಅಂದವನೇ ತಾನೇ ಹಿಡಿಕೆ ಒತ್ತಲು ಮುಂದೆ ಬಂದ. ಆಗ ಚಾಚಾ ಎದ್ದು ಹಿಡಿಕೆಗೆ ಬೆನ್ನು ಕೊಟ್ಟು, ಮೊಂಡಗೈ ದಾರೋಗಾನ ಎದೆಯ ಮುಂದೆ ಅಡ್ಡ ಹಿಡಿದ. ಧ್ವನಿ ಏರಿಸಲಿಲ್ಲ.

"ಸಾಹೇಬ್ರ, ಈ ಮಾತಿಗೆ ಒಂದು ಕೈ ಕೊಟ್ಟೀನ್ರಿ. ಇನ್ನೊಂದೂ ಬೇಕಂದ್ರ ತಗೊಳ್ರಿ. ಶರಣಪ್ಪನ್ನ ಕೊಡಾಂಗಿಲ್ಲ."

ಎಷ್ಟು ಹೊತ್ತು ಅವರು ಹಾಗೆ ನಿಂತರೋ ನನಗೆ ತಿಳಿಯದು. ಬಿಜಲಿ ಹುಟ್ಟಿಸುವ ಎಂಜಿನ್ನು ನೆಲ ನಡುಗಿಸುತ್ತಿತ್ತು. ದಾರೋಗಾ ಒಮ್ಮೆ ತಳ್ಳಿ ನೋಡಿದ, ಚಾಚಾ ಕದಲಲಿಲ್ಲ. ಆಮೇಲೆ ಅಪ್ಪ ಬಂದು ಬಾಗಿಲಲ್ಲಿ ನಿಂತ, ಹೆಗಲ ಮೇಲೆ ಹಗ್ಗ, ಹಣೆಯ ತುಂಬ ಬೆವರು. ಮೂವರನ್ನೂ ಒಮ್ಮೆ ನೋಡಿದ. "ಎಬ್ಬಿಸು, ಶರಣಪ್ಪ ಹೇಳಿದ್ದು" ಅಂದ. "ಎಬ್ಬಿಸ್ತೀನಿ, ಲಾಲಸಾಬ ಕೇಳಿದ್ದು" ಅಂದು ಚಾಚಾ ತಿರುಗಿ ಹಿಡಿಕೆ ಒತ್ತಿದ. ತಲೆಯ ಮೇಲೆ ದೀಪ ಹತ್ತಿತು. ನಾನು ಗೋಡೆಗೆ ಮುಖ ಮಾಡಿ ಅಳಲು ಹತ್ತಿದೆ.

ಆದದ್ದು ಇಷ್ಟು. ಅರ್ಧ ಇಳಿದ ಅಪ್ಪನ ಕಣ್ಣಿಗೆ ಮೇಲೆ ತಂತಿ ಕೂಡಿಸುವ ಪಿಂಗಾಣಿ ಬಟ್ಟಲಿಗೆ ಸುತ್ತಿದ ಕಟ್ಟು ಸಡಿಲಾದದ್ದು ಕಂಡಿತ್ತು, ತಿರುಗಿ ಏರಿದ್ದ. ನಾನು ಬಾಗಿಲಲ್ಲಿ ನಿಂತು ಬಂದ ಬಂದ ಅಂತ ಕೂಗುವಾಗ ಅವನ ಎರಡೂ ಕೈಯಲ್ಲಿ ತಂತಿ ಇತ್ತು. ನಾನು ಚಾಚಾನ ಅಂಗಿ ಹಿಡಿದು, ನಾನು ಹಾಜರ್ ಅಂದಿದ್ದರೆ ಏನಾಗ್ತಿತ್ತು ಅಂತ ಕೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಮನುಷ್ಯ ಅಲ್ಲ ಅವನು. "ನಂಬತಿದ್ದೆ ಬೇಟಿ" ಅಂದ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು ಬುತ್ತಿ ಬಿಚ್ಚಿದ.

ಮನೆಗೆ ಬಂದು ಅಪ್ಪ ನನ್ನನ್ನು ಕಟ್ಟೆಯ ಮೇಲೆ ಮಗ್ಗುಲಿಗೆ ಕೂಡಿಸಿಕೊಂಡ. ಬೈಯುತ್ತಾನೆ ಅಂತ ಮೈ ಮುದುಡಿಕೊಂಡಿದ್ದೆ. ಅವನು ತಂತಿ ಎಳೆದು ಒಡೆದ ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ: "ಚಾಚಾನ ಕೈ ನನ್ನ ಬಾಯಿಂದ ಹೋಗ್ಯಾದವ್ವ." ನಾನು ಹುಟ್ಟುವ ಮೊದಲಿನ ಮಾತು ಅದು. ಆಗ ಕಂಬದ ಮೇಲೆ ಚಾಚಾ, ಬುಡದಲ್ಲಿ ಅಪ್ಪ. ಚಾಚಾ ಮೇಲಿಂದ ಬಿಜಲಿ ಬಂದ್ ಅದ ಏನು ಅಂತ ಕೇಳಿದ. ಅಪ್ಪನಿಗೆ ಅದು ಬಂದದ ಏನು ಅಂತ ಕೇಳಿಸಿತು. ಬಂದಿದ್ದದ್ದು ನಿಜವೇ, ಹೂಂ ಬಂದದ ಅಂದ. ಚಾಚಾ ಅದನ್ನು ಬಂದ್ ಅದ ಅಂತ ತಿಳಿದು ತಂತಿ ಹಿಡಿದ. ಒಂದೇ ಊರಲ್ಲಿ ಬೆಳೆದವರು, ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಆದ ತಪ್ಪಲ್ಲ ಅದು. ಇಬ್ಬರಿಗೂ ಎರಡೂ ಭಾಷೆ ಚಲೋ ಬರುತ್ತಿತ್ತು, ಅದಕ್ಕೇ ಯಾರೂ ತಡೆದು ಕೇಳಲಿಲ್ಲ. ಅಪ್ಪ ಇಡೀ ಗ್ಯಾಂಗಿನ ಮುಂದೆ ತಪ್ಪು ನನ್ನದು ಅಂತ ಒಪ್ಪಿಕೊಂಡನಂತೆ. ಗಾಯ ಮಾಯ್ದು ಎದ್ದು ಕೂತ ಚಾಚಾನೇ, ಇನ್ನು ಆ ಮಾತು ಬ್ಯಾಡ ಶರಣಪ್ಪ, ಮಲ್ಕೊಂಡದ ಅನ್ನೋಣು ಅಂದನಂತೆ. ಕೈ ಕಳೆದುಕೊಂಡವನು ಸಿಟ್ಟಿಗೇಳದೆ ಹೊಸ ಮಾತು ಹುಡುಕಿ ಕೊಟ್ಟಿದ್ದ! ಆ ವಯಸ್ಸಿನಲ್ಲಿ ನನಗೆ ದೇವರೆಂದರೆ ಗುಡಿಯೊಳಗೆ ಇರುವವನು ಅಂತಷ್ಟೇ ತಿಳಿದಿತ್ತು. ಮರುದಿನ ಚಾಚಾ ಮನೆಗೆ ಬಂದಾಗ ನಾನು ಅವನ ಕಾಲು ಮುಟ್ಟಿದೆ, ಅವನು ನಾಚಿ ಹಿಂದೆ ಸರಿದ.

ನಿಜಾಮರು ಹೋದರು, ಬಿಜಲಿ ಹೋಗಿ ಕರೆಂಟಾಯಿತು, ಕಂಬಗಳು ಊರ ಹೊರಗಿನ ಕುಸನೂರ ದಾಟಿದವು, ಕಮಲಾಪುರಕ್ಕೂ ದೀಪ ಬಂತು. ನಾನು ಲಗ್ನವಾಗಿ ಅದೇ ಕಮಲಾಪುರ ಸೇರಿದೆ. ಅಪ್ಪ ತೀರಿಕೊಂಡದ್ದು ಮನೆಯಲ್ಲೇ, ಬೆಳಗಿನ ನಿದ್ದೆಯಲ್ಲಿ. ಕಂಬ ಏರಿದ ಎಷ್ಟು ಜನಕ್ಕೆ ಆ ಭಾಗ್ಯ ಇದ್ದೀತು? ನಮ್ಮ ಪದ್ಧತಿಯಂತೆ ಅವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಮಧ್ಯಾಹ್ನ ಹೊರಬಾಗಿಲಲ್ಲಿ ಗುಸುಗುಸು ಎದ್ದಿತು. ಅವ್ವ ತಲೆ ಎತ್ತದೆಯೇ, ಲಾಲಸಾಬ ಹಾಜರ್ ಆಗ್ಯಾನ, ದಾರಿ ಬಿಡ್ರಿ ಅಂದಳು.

ಚಾಚಾ ಮುದುಕನಾಗಿದ್ದ. ಯಾರ ಕಡೆಗೂ ನೋಡದೆ ಬಂದು ಅಪ್ಪನ ಎದುರು ಫರಸಿಯ ಮೇಲೆ ಕೂತ, ಎಡಗೈ ಅಪ್ಪನ ಮೊಣಕಾಲ ಮೇಲೆ ಇಟ್ಟ. ಅಳಲಿಲ್ಲ. ಮುಖ ಮೇಲೆತ್ತಿ, ಆ ಹಳೆಯ ರಾಗದಲ್ಲಿ, ಇಡೀ ಓಣಿಗೆ ಕೇಳುವಂತೆ ಕೂಗಿದ.

"ಮಲ್ಕೊಂಡದ, ಲಾಲಸಾಬ ಹೇಳಿದ್ದು."

ಅಳುವವರೆಲ್ಲ ನಿಲ್ಲಿಸಿದರು. ಯಾರಿಗೂ ಏನೂ ತಿಳಿಯಲಿಲ್ಲ. ಆ ಕೂಗಿಗೆ ತಿರುಗಿ ಕೂಗುವ ಗ್ಯಾಂಗಿನವರು ಒಬ್ಬರೂ ಉಳಿದಿರಲಿಲ್ಲ. ಚಾಚಾ ಕಿವಿ ಬಾಗಿಲ ಕಡೆ ಮಾಡಿಕೊಂಡು ಕಾಯುತ್ತ ಕೂತ, ಕೈ ತೆಗೆಯಲಿಲ್ಲ. ನಾನು ಅವ್ವನ ಮಗ್ಗುಲಿನಿಂದ ಎದ್ದು ನಿಂತೆ.

"ಮಲ್ಕೊಂಡದ ಚಾಚಾ, ನೀಲವ್ವ ಕೇಳಿದ್ದು."

ಆಗ ಅವನು ಅಪ್ಪನ ಮೊಣಕಾಲ ಮೇಲಿನ ಕೈ ತೆಗೆದ.